ಕಡಲಾಚೆಯ ಕಾಯಕ

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಪರದೇಶಕ್ಕೆ ಹೋಗುವುದು ಲಿಂಗವಂತರಿಗೆ ಸಲ್ಲುವ ನಡೆಯೇ ಎಂಬ ಶಂಕೆಯು ಅನೇಕ ಸದ್ಭಕ್ತರ ಮನೆಗಳಲ್ಲಿ ತಲೆದೋರುತ್ತಿದೆ. ಮಗನೋ ಮಗಳೋ ಸೊಸೆಯೋ ಕಡಲಾಚೆಯ ಕೆಲಸಕ್ಕೆ ಅರ್ಜಿ ಹಾಕಿದ ದಿನದಿಂದ ಹಿರಿಯರ ಮನದಲ್ಲಿ ಎರಡು ಅಳುಕುಗಳು ಮನೆಮಾಡುತ್ತವೆ. ಆಚಾರದ ಗತಿ ಏನಾಗುವುದೋ ಎಂಬುದೊಂದು. ಮನೆಯ ಗತಿ ಏನಾಗುವುದೋ ಎಂಬುದು ಮತ್ತೊಂದು. ಇವೆರಡೂ ಸಹಜವಾದುವೇ ಸರಿ. ಆದರೆ ಇವುಗಳಿಗಿಂತ ಆಳವಾದ ಮೂರನೆಯ ಪ್ರಶ್ನೆಯೊಂದು ಆ ಅರ್ಜಿಯ ಹಾಳೆಗಳಲ್ಲಿಯೇ ಅಡಗಿ ಕುಳಿತಿದೆ. ಗಂಡಹೆಂಡಿರು ಕೂಡಿ ಹೊರಟಾಗ ಅವರಲ್ಲೊಬ್ಬರು ತಮ್ಮನ್ನು ಕುಶಲ ಕೆಲಸಗಾರರೆಂದೂ ಮತ್ತೊಬ್ಬರು ತಮ್ಮನ್ನು ಅವರ ಅವಲಂಬಿತರೆಂದೂ ಬರೆದುಕೊಡಬೇಕಾಗುತ್ತದೆ. ಪ್ರತಿಯೊಬ್ಬರ ಅಂಗದ ಮೇಲೂ ಬೇರೆಬೇರೆಯಾಗಿ ಲಿಂಗವನ್ನು ಅನುಗ್ರಹಿಸಿದ, ಪ್ರತಿಯೊಬ್ಬರಿಗೂ ಅವರವರದೇ ಕಾಯಕವನ್ನು ವಿಧಿಸಿದ ಶರಣಧರ್ಮದಲ್ಲಿ ಈ ಅವಲಂಬಿತರೆಂಬ ಮಾತಿಗೆ ಎಡೆಯೆಲ್ಲಿ? ಇದು ವಿಚಾರಾರ್ಹವಾದ ಸಂಗತಿ.

ಮೊದಲನೆಯ ಶಂಕೆಯು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದೊಡನೆ ಬಹುಮಟ್ಟಿಗೆ ತಾನಾಗಿಯೇ ಕರಗುವುದು. ಕಲ್ಯಾಣದ ಶರಣಗಣದಲ್ಲಿ ಕಲ್ಯಾಣದಲ್ಲಿಯೇ ಹುಟ್ಟಿದವರು ಎಷ್ಟು ಮಂದಿ? ಬಸವಣ್ಣನವರು ಬಾಗೇವಾಡಿಯಲ್ಲಿ ಜನಿಸಿ, ಕೂಡಲಸಂಗಮವನ್ನೂ ಮಂಗಳವಾಡವನ್ನೂ ಹಾದು ಅಲ್ಲಿಗೆ ಬಂದವರು. ಅಲ್ಲಮಪ್ರಭುಗಳು ಬಳ್ಳಿಗಾವೆಯ ಕಡೆಯವರು, ಅಕ್ಕಮಹಾದೇವಿಯದು ಉಡುತಡಿ, ಸಿದ್ಧರಾಮರದು ಸೊನ್ನಲಿಗೆ. ಆದಯ್ಯನವರು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು ನಿಂತವರು. ಮರುಳಶಂಕರದೇವರು ಆಫ್ಘಾನಿಸ್ತಾನದಷ್ಟು ದೂರದಿಂದ ಬಂದವರೆಂಬ ಪ್ರತೀತಿಯುಂಟು. ಹೊರಗಿನಿಂದ ಬಂದವರೇ ಕೂಡಿ ಕಟ್ಟಿದ ಊರಿಗೆ ಕಲ್ಯಾಣವೆಂಬ ಹೆಸರು ಸಾರ್ಥಕವಾಯಿತು. ಅಂಥವರ ಸಂತತಿಯೆಂದು ಹೇಳಿಕೊಳ್ಳುವವರು ಊರು ಬಿಡುವುದನ್ನೇ ದೋಷವೆಂದು ಎಣಿಸಬೇಕಾದುದಿಲ್ಲ.

ಇವರೆಲ್ಲರಿಗಿಂತಲೂ ಪ್ರಕೃತ ವಿಷಯಕ್ಕೆ ಹತ್ತಿರದವರು ಮೋಳಿಗೆಯ ಮಾರಯ್ಯ ಹಾಗೂ ಮಹಾದೇವಿಯಮ್ಮನವರು. ಕಾಶ್ಮೀರದ ಮಾಂಡವ್ಯಪುರದಲ್ಲಿ ಅರಸೊತ್ತಿಗೆಯನ್ನು ನಡೆಸುತ್ತಿದ್ದ ಈ ದಂಪತಿಗಳು ಅದನ್ನು ತೊರೆದು, ಇಬ್ಬರೂ ಕೂಡಿಯೇ ಕಲ್ಯಾಣಕ್ಕೆ ಬಂದರೆಂದು ಪುರಾಣಗಳು ಹೇಳುತ್ತವೆ. ಆನೆಯ ಮೇಲೆ ಕುಳಿತಿದ್ದ ಅರಸು ಅಡವಿಯಿಂದ ಕಟ್ಟಿಗೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ತಂದು ಮಾರಿದನು. ಬಂದುದರಲ್ಲಿ ಜಂಗಮದಾಸೋಹವನ್ನು ನಡೆಸಿ, ಉಳಿದ ಅಂಬಲಿಯನ್ನು ದಂಪತಿಗಳು ಪ್ರಸಾದವೆಂದು ಸೇವಿಸಿದರು. ಪರದೇಶಕ್ಕೆ ಹೋದ ಮಗನು ಊರಿನಲ್ಲಿದ್ದುದಕ್ಕಿಂತ ಕಿರಿದಾದ ಕೆಲಸದಲ್ಲಿರುವನೆಂದು ಮರುಗುವ ತಂದೆತಾಯಿಗಳು ಈ ಕಟ್ಟಿಗೆಯ ಹೊರೆಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಬೇಕು. ಇನ್ನೊಂದು ಸಂಗತಿಯೂ ಉಂಟು. ಮಹಾದೇವಿಯಮ್ಮನವರು ಪತಿಯ ನೆರಳಾಗಿ ನಡೆದು ಬಂದವರಲ್ಲ. ಮಾರಯ್ಯನವರು ಐಕ್ಯದ ಹಂಬಲದಿಂದ ಕಾತರಿಸಿದಾಗ, ಹೋಗಿ ಸೇರತಕ್ಕ ಕೈಲಾಸವೊಂದು ಹೊರಗೆಲ್ಲಿಯೋ ಇದೆಯೆಂಬ ಭ್ರಮೆಯನ್ನು ಬಿಡಿಸಿದವಳು ಆ ಸತಿಯೇ ಎಂಬುದು ಆಕೆಯ ವಚನಗಳಿಂದ ತಿಳಿದುಬರುತ್ತದೆ. ಸಾವಿರಾರು ಹರದಾರಿ ಕೂಡಿ ನಡೆದು ಬಂದವರಲ್ಲಿ ದಾರಿಯನ್ನು ಬಲ್ಲವರು ಯಾರು, ಹಿಂಬಾಲಿಸಿದವರು ಯಾರು ಎಂದು ಹೇಳುವುದು ಸುಲಭವಲ್ಲ.

ಇನ್ನು ಈ ಕಾಲದ ಅರ್ಜಿಯ ಕಡೆಗೆ ಬರಬೇಕು. ಕನ್ನಡನಾಡಿನ ಎಂಜಿನಿಯರುಗಳೂ ವೈದ್ಯರೂ ನರ್ಸುಗಳೂ ಹೋಗುತ್ತಿರುವ ದೇಶಗಳಲ್ಲಿ ಬ್ರಿಟನ್ ಒಂದು. ಆ ದೇಶವು ಕುಶಲ ಕೆಲಸಗಾರರ ವೀಸಾ ಎಂಬ ಈಗಿನ ಪದ್ಧತಿಯನ್ನು ೨೦೨೦ರ ಡಿಸೆಂಬರ್ ೧ರಂದು ಜಾರಿಗೆ ತಂದಿತು. ಇದು ಅಂಕಗಳ ಲೆಕ್ಕ. ೭೦ ಅಂಕ ಕೂಡಬೇಕು. ಅಲ್ಲಿಯ ಸರಕಾರದಿಂದ ಪರವಾನಗಿ ಪಡೆದ ಒಬ್ಬ ಉದ್ಯೋಗದಾತನು ಕೆಲಸ ಕೊಡಲೊಪ್ಪಿ ಪ್ರಾಯೋಜನೆಯ ಪ್ರಮಾಣಪತ್ರವನ್ನು ನೀಡಬೇಕು. ಪ್ರಮಾಣಪತ್ರವೆಂದರೆ ಮೊಹರು ಒತ್ತಿದ ಕಾಗದವಲ್ಲ, ಅದೊಂದು ಸಂಖ್ಯೆ ಮಾತ್ರ. ಅದು ದೊರೆತ ಮೂರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ಕೆಲಸವು ಗೊತ್ತುಪಡಿಸಿದ ಮಟ್ಟದ್ದಾಗಿರಬೇಕು, ಸಂಬಳವೂ ಅಂತೆಯೇ. ೨೦೨೫ರ ಜುಲೈ ೨೨ರಂದು ಆ ಮಟ್ಟವನ್ನು ಪದವಿಗೆ ಸಮನಾಗಿ ಏರಿಸಿ, ಸಾಮಾನ್ಯ ಸಂಬಳದ ಮಿತಿಯನ್ನು ವರ್ಷಕ್ಕೆ ೪೧,೭೦೦ ಪೌಂಡಿಗೆ ಒಯ್ದರು. ೨೦೨೬ರ ಜನವರಿ ೮ರಿಂದ ಹೊಸ ಅರ್ಜಿದಾರರ ಇಂಗ್ಲಿಷ್ ಜ್ಞಾನದ ಮಟ್ಟವನ್ನೂ ಒಂದು ಮೆಟ್ಟಿಲು ಮೇಲಕ್ಕೆತ್ತಿದರು. ವೈದ್ಯರು, ನರ್ಸುಗಳು ಮೊದಲಾದವರಿಗೆ ಇದೇ ಪದ್ಧತಿಯ ಒಂದು ಕವಲು ಪ್ರತ್ಯೇಕವಾಗಿದೆ. ಅವರ ಸಂಬಳದ ಲೆಕ್ಕವೂ ಬೇರೆ.

ಖರ್ಚಿನ ಬಾಬನ್ನು ಮೊದಲೇ ತಿಳಿಯದೆ ಹೊರಟು ಸಾಲದಲ್ಲಿ ಮುಳುಗಿದವರುಂಟು. ವೀಸಾ ಶುಲ್ಕವಲ್ಲದೆ ಆರೋಗ್ಯದ ಅಧಿಶುಲ್ಕವೆಂದು ವಯಸ್ಕರೊಬ್ಬರಿಗೆ ವರ್ಷಕ್ಕೆ ೧,೦೩೫ ಪೌಂಡುಗಳನ್ನು ೨೦೨೪ರ ಫೆಬ್ರವರಿಯಲ್ಲಿ ನಿಗದಿಮಾಡಿದರು. ಇದನ್ನು ಇಡೀ ಅವಧಿಗೆ ಮುಂಗಡವಾಗಿ ತೆರಬೇಕು. ಐದು ವರ್ಷಕ್ಕೆ ಹೊರಟ ಗಂಡಹೆಂಡಿರಿಗೆ ಅದೊಂದೇ ೧೦,೩೫೦ ಪೌಂಡು ಆಯಿತು. ನರ್ಸು ಮೊದಲಾದವರ ಕವಲಿನಲ್ಲಿ ಹೋಗುವವರಿಗೂ ಅವರ ಕುಟುಂಬಕ್ಕೂ ಈ ಅಧಿಶುಲ್ಕದಿಂದ ವಿನಾಯಿತಿ ಇದೆ. ಉದ್ಯೋಗದಾತನು ಜೀವನಾಧಾರದ ಹೊಣೆ ಹೊರದಿದ್ದರೆ, ಕೆಲಸಗಾರರ ಹೆಸರಿನಲ್ಲಿ ೧,೨೭೦ ಪೌಂಡು, ಜೊತೆಗಾರರಿಗಾಗಿ ಮತ್ತೆ ೨೮೫ ಪೌಂಡು ಸತತ ೨೮ ದಿನ ಖಾತೆಯಲ್ಲಿ ನಿಂತಿರಬೇಕು. ನೆಂಟರಿಂದ ತಂದು ಇಪ್ಪತ್ತೆಂಟು ದಿನ ತೋರಿಸಿ ಇಪ್ಪತ್ತೊಂಬತ್ತನೆಯ ದಿನ ಹಿಂದಿರುಗಿಸುವ ಜಾಣತನವು ಇಲ್ಲಿ ಹುಟ್ಟಿಕೊಳ್ಳುತ್ತದೆ. ಪರಸ್ಥಳದಲ್ಲಿ ಮೊದಲ ಸಂಬಳ ಕೈಸೇರುವವರೆಗೆ ಉಪವಾಸ ಬೀಳದಿರಲೆಂದು ಇಟ್ಟ ನಿಯಮವನ್ನು ಹೀಗೆ ಗೆದ್ದವನು ಯಾರನ್ನು ಗೆದ್ದಂತಾಯಿತು?

ಜೊತೆಗಾರರೆಂದರೆ ವಿವಾಹವಾದ ಸತಿ ಅಥವಾ ಪತಿ. ವಿವಾಹವಾಗದವರಾದರೆ ಎರಡು ವರ್ಷಗಳಿಗೆ ಕಡಿಮೆಯಿಲ್ಲದ ಸ್ಥಿರ ಸಂಬಂಧವನ್ನು ರುಜುವಾತುಪಡಿಸಬೇಕು. ಮಠದ ಸಾಮೂಹಿಕ ವಿವಾಹದಲ್ಲಿ ಗುರುಹಿರಿಯರ ಮುಂದೆ ಕೈಹಿಡಿದವರು ಅನೇಕರು ಸರಕಾರದ ನೋಂದಣಿಯನ್ನು ಮರೆತಿರುತ್ತಾರೆ. ೧೯೫೫ರ ಹಿಂದೂ ವಿವಾಹ ಕಾಯಿದೆಯ ೨ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿಯೇ ಬಂದಿವೆ. ಆದಕಾರಣ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಆ ಕಾಯಿದೆಯಂತೆ ವಿವಾಹವನ್ನು ದಾಖಲು ಮಾಡಿಸಲು ಅಡ್ಡಿಯಿಲ್ಲ. ವೀಸಾ ಬೇಕಾದಾಗ ಓಡಾಡುವುದಕ್ಕಿಂತ ಮದುವೆಯಾದ ತಿಂಗಳಲ್ಲಿಯೇ ಈ ಕೆಲಸವನ್ನು ಮುಗಿಸಿಡುವುದು ಲೇಸು. ಇಷ್ಟಾದ ಮೇಲೂ ಇವರಿಬ್ಬರೂ ನಿಜವಾಗಿ ಕೂಡಿ ಬಾಳುವವರೇ ಎಂದು ಅಲ್ಲಿಯ ಅಧಿಕಾರಿಯು ಕೇಳಬಹುದು. ಕೇಳಲಿ. ವರುಷಗಟ್ಟಲೆ ಒಂದೇ ಸೂರಿನಡಿ ಇದ್ದೂ ಕೂಡಿ ಬಾಳದವರು ಊರಿಗೆ ನಾಲ್ವರು ಇದ್ದೇ ಇರುತ್ತಾರೆ; ಅಧಿಕಾರಿಯ ಪ್ರಶ್ನೆಯು ಅಷ್ಟೇನೂ ಅಸಂಬದ್ಧವಲ್ಲ.

ಹಾವೇರಿ ಸೀಮೆಯ ಒಂದು ಮನೆಯ ಪ್ರಸಂಗವು ಇಲ್ಲಿ ದೃಷ್ಟಾಂತಕ್ಕೆ ಒದಗುತ್ತದೆ. ಆ ಮನೆಯ ಕಿರಿಯ ಸೊಸೆಯು ಶುಶ್ರೂಷಾಶಾಸ್ತ್ರದಲ್ಲಿ ಪದವಿ ಪಡೆದು, ಆರು ವರ್ಷ ಆಸ್ಪತ್ರೆಯಲ್ಲಿ ಹಗಲಿರುಳಿನ ಪಾಳಿಗಳನ್ನು ಮಾಡಿದವಳು. ಆಕೆಯು ಇಂಗ್ಲಿಷಿನ ಪರೀಕ್ಷೆಯಲ್ಲಿಯೂ ಬ್ರಿಟನ್ನಿನ ನರ್ಸುಗಳ ಮಂಡಲಿಯು ಗಣಕಯಂತ್ರದ ಮೇಲೆ ನಡೆಸುವ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ, ೨೦೨೩ರಲ್ಲಿ ಇಂಗ್ಲೆಂಡಿನ ಒಂದು ಸಾರ್ವಜನಿಕ ಆಸ್ಪತ್ರೆಯಿಂದ ಕೆಲಸದ ಕರೆಯನ್ನು ಪಡೆದಳು. ಪತಿಯು ಡಿಪ್ಲೊಮಾ ಓದಿ ಟ್ರ್ಯಾಕ್ಟರುಗಳ ದುರಸ್ತಿಯಲ್ಲಿ ಹೆಸರಾದವನು. ಅಣ್ಣನೊಡನೆ ಕೂಡಿ ನಾಲ್ಕೆಕರೆ ಹೊಲವನ್ನೂ ನೋಡಿಕೊಳ್ಳುತ್ತಿದ್ದನು. ಹೋಗುವುದೇನೋ ಇಬ್ಬರಿಗೂ ಒಪ್ಪಿತ್ತು. ಆದರೆ ಅರ್ಜಿಯನ್ನು ತುಂಬುವ ದಿನ ಆತನ ಹೆಸರಿನ ಮುಂದೆ ಅವಲಂಬಿತ ಎಂಬ ಪದವನ್ನು ಕಂಡು ಆತನ ಮುಖವು ಬಾಡಿತು. ಹೆಂಡತಿಯ ಸೆರಗು ಹಿಡಿದು ವಿಲಾಯತಿಗೆ ಹೋಗುವವನೆಂದು ಚಾವಡಿಯ ಕಟ್ಟೆಯಲ್ಲಿ ಯಾರೋ ಆಡಿದ ಮಾತು ಅದಕ್ಕೆ ಮೊದಲೇ ಕಿವಿಗೆ ಬಿದ್ದಿತ್ತು.

ಇಂಥ ಗಾಯವನ್ನು ಮೂಸಿ ಹಿಡಿಯುವವರು ಇದ್ದೇ ಇರುತ್ತಾರೆ. ಪಟ್ಟಣದ ದಲ್ಲಾಳಿಯೊಬ್ಬನು ಬಂದು, ‘ನೀವೇಕೆ ಅವಲಂಬಿತರಾಗಿ ಹೋಗಬೇಕು? ಹನ್ನೆರಡು ಲಕ್ಷ ಕೊಡಿರಿ, ವೃದ್ಧರ ಆರೈಕೆಯ ಕೆಲಸಗಾರರೆಂದು ನಿಮ್ಮದೇ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ’ ಎಂದನು. ಅದಕ್ಕೆ ಬೇಕಾದ ಎರಡು ವರ್ಷದ ಅನುಭವದ ಕಾಗದವನ್ನೂ ಒಂದು ಆರೈಕೆಮನೆಯ ಹೆಸರಿನಲ್ಲಿ ಅವನೇ ಬರೆಸಿ ತಂದಿದ್ದನು. ಪಾಲಿಗೆ ಬಂದ ಹೊಲದಲ್ಲಿ ಒಂದೂವರೆ ಎಕರೆಯನ್ನು ಮಾರುವ ಮಾತು ಅಂದಿನ ರಾತ್ರಿಯೇ ಎದ್ದಿತು. ಸತಿಯು ಆ ಕಾಗದವನ್ನು ಎರಡು ಬಾರಿ ಓದಿದಳು. ಓದಿ, ‘ಈ ಎರಡು ವರ್ಷ ನೀವು ಯಾವ ಮುದುಕರ ಹಾಸಿಗೆಯನ್ನು ಶುಚಿ ಮಾಡಿದಿರಿ?’ ಎಂದು ಕೇಳಿದಳು. ಆತನು ಉತ್ತರ ಕೊಡಲಿಲ್ಲ. ‘ನಾನು ಆರು ವರ್ಷ ಮಾಡಿದ್ದೇನೆ. ಆ ಕೆಲಸದ ಹೆಸರನ್ನು ಮಾಡದವರು ಬರೆದುಕೊಂಡರೆ ನನಗೆ ನೋವಾಗುತ್ತದೆ’ ಎಂದಳು. ಪಡಸಾಲೆಯಲ್ಲಿ ಮಲಗಿದ್ದ ಅತ್ತೆಯು ಎದ್ದು ಕುಳಿತು, ಶ್ರಾವಣದ ಪುರಾಣದಲ್ಲಿ ಕೇಳಿದ ಲಕ್ಕಮ್ಮನ ಕಥೆಯನ್ನು ನೆನಪಿಗೆ ತಂದಳು. ‘ಹೆಚ್ಚಿನ ಅಕ್ಕಿ ಮನೆಗೆ ಬಂತಲ್ಲೋ ತಮ್ಮಾ, ಸುರಿದು ಬಾ’ ಎಂದಿಷ್ಟೇ ಆಕೆಯ ಮಾತು.

ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನವರ ಚರಿತ್ರೆಯು ಭಕ್ತರೆಲ್ಲರೂ ಬಲ್ಲುದೇ ಆದರೂ, ಇವರೂ ಊರು ಬಿಟ್ಟು ಬಂದ ಸತಿಪತಿಗಳೆಂಬುದನ್ನು ಕೆಲವರು ಮರೆತಿರಬಹುದು. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಅವರು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಅವಸರದಿಂದ ಹೋದ ಮಾರಯ್ಯನವರು ಅಂದು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಕಟ್ಟಿಕೊಂಡು ಬಂದರು. ಲಕ್ಕಮ್ಮನವರ ಕಣ್ಣಿಗೆ ಗಂಟಿನ ಗಾತ್ರವೇ ಸಾಕಾಯಿತು. ನಿತ್ಯಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಮರಳಿ ಕಳುಹಿದಳು.

ಈ ಕಥೆಯನ್ನು ಆಸೆಯ ನಿಗ್ರಹಕ್ಕೆ ಉದಾಹರಣೆಯೆಂದು ಹೇಳುವುದೇ ವಾಡಿಕೆ. ಅದು ಸರಿಯೇ. ಆದರೆ ಇದರಲ್ಲಿ ಮತ್ತೊಂದು ಮರ್ಮವಿದೆ. ಆ ಅಕ್ಕಿಯು ಕಳವಿನದಲ್ಲ, ಬೇಡಿ ತಂದುದೂ ಅಲ್ಲ; ಬಸವಣ್ಣನವರೇ ಪ್ರೀತಿಯಿಂದ ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುತ್ತಾರೆ. ಆದರೂ ಅದು ಆ ದಿನದ ದುಡಿಮೆಯ ಅಳತೆಗೆ ಮೀರಿದುದು. ಮಾಡಿದಷ್ಟೇ ತನ್ನದು, ಮಾಡದುದು ತನ್ನದಲ್ಲ ಎಂಬ ಈ ಅಳತೆಗೆ ಪಂಚಾಚಾರಗಳಲ್ಲಿ ಸದಾಚಾರವೆಂದು ಹೆಸರು. ಮಾಡದ ಎರಡು ವರ್ಷದ ಸೇವೆಯನ್ನು ಮಾಡಿದೆನೆಂದು ಬರೆದುಕೊಳ್ಳುವುದು ಮಹಾಮನೆಯ ಅಂಗಳದ ಅಕ್ಕಿಯಲ್ಲ, ನೆರೆಯವರ ಕಣಜದ ಅಕ್ಕಿ. ವೀಸಾದ ಅರ್ಜಿಯೂ ಒಂದು ನುಡಿಯೇ. ಅದರ ಕೊನೆಯಲ್ಲಿ ಬರೆದುದೆಲ್ಲವೂ ಸತ್ಯವೆಂದು ಒಪ್ಪಿ ಕಳುಹುವಾಗ ಬಸವಾದಿ ಶರಣರು ನುಡಿಯ ಮೇಲೆ ಇಟ್ಟ ಭಾರವೆಲ್ಲವೂ ಆ ಒಪ್ಪಿಗೆಯ ಮೇಲೆ ಬೀಳುತ್ತದೆ. ರಾಜ್ಯದ ಶಾಸನವೂ ಇದನ್ನು ಹಗುರವಾಗಿ ಎಣಿಸುವುದಿಲ್ಲ: ಸುಳ್ಳು ದಾಖಲೆಯನ್ನು ಕೊಟ್ಟವರ ಅರ್ಜಿಯು ತಿರಸ್ಕೃತವಾಗುವುದಲ್ಲದೆ ಹತ್ತು ವರ್ಷದವರೆಗೆ ಅವರಿಗೆ ಬ್ರಿಟನ್ನಿನ ಬಾಗಿಲು ಮುಚ್ಚಬಹುದು. ಭಕ್ತನು ಆ ಭಯದಿಂದ ಸತ್ಯ ಹೇಳುವವನಲ್ಲ; ಆದರೂ ತಿಳಿದಿರುವುದು ಒಳ್ಳೆಯದು.

ದಲ್ಲಾಳಿಗೆ ಹಣ ಕೊಟ್ಟ ಬೇರೆಬೇರೆ ಮನೆಗಳ ಗತಿಯನ್ನು ಮುಂದಿನ ವರ್ಷಗಳು ತೋರಿಸಿದವು. ಆರೈಕೆಯ ಕೆಲಸಗಾರರಾಗಿ ಹೋಗುವವರು ೨೦೨೪ರ ಮಾರ್ಚ್ ೧೧ರಿಂದ ಸತಿ, ಪತಿ ಅಥವಾ ಮಕ್ಕಳನ್ನು ಕರೆದೊಯ್ಯದಂತೆ ಬ್ರಿಟನ್ ತಡೆಯಿತು. ೨೦೨೫ರ ಜುಲೈ ೨೨ರಂದು ಹೊರದೇಶದಿಂದ ಆ ಕೆಲಸಕ್ಕೆ ಹೊಸಬರನ್ನು ಕರೆಸಿಕೊಳ್ಳುವುದನ್ನೇ ನಿಲ್ಲಿಸಿತು. ೨೦೨೨ರ ಜುಲೈಯಿಂದ ೨೦೨೪ರ ಡಿಸೆಂಬರದವರೆಗೆ ಆರೈಕೆಯ ಕ್ಷೇತ್ರದಲ್ಲಿ ೪೭೦ಕ್ಕೂ ಹೆಚ್ಚು ಉದ್ಯೋಗದಾತರ ಪರವಾನಗಿಗಳನ್ನು ಅಲ್ಲಿಯ ಸರಕಾರವು ರದ್ದುಪಡಿಸಿತು. ಅವರೊಡನೆ ಹೆಸರು ತಳಕುಬಿದ್ದಿದ್ದ ಕೆಲಸಗಾರರು ೩೯,೦೦೦ಕ್ಕೂ ಮಿಗಿಲು. ಅವರಲ್ಲಿ ಪ್ರಾಮಾಣಿಕವಾಗಿ ದುಡಿಯಲೆಂದೇ ಹೊಲಮನೆ ಮಾರಿ ಹೋದವರು, ಮೋಸಕ್ಕೆ ಸಿಕ್ಕಿದವರು ಬಹುಮಂದಿ. ಪ್ರಾಯೋಜಕನನ್ನು ಕಳೆದುಕೊಂಡವರಿಗೆ ಬೇರೊಬ್ಬನನ್ನು ಹುಡುಕಿಕೊಳ್ಳಲು ಸಾಮಾನ್ಯವಾಗಿ ದೊರೆಯುವ ಗಡುವು ೬೦ ದಿನ. ಅಂಥವರ ಸಂಕಟವನ್ನು ಕಂಡು ‘ತಕ್ಕುದಾಯಿತು’ ಎನ್ನುವ ನಾಲಗೆಯು ಶಿವಭಕ್ತರದಾಗಲಾರದು. ಅವರಿಗೆ ಬೇಕಾದುದು ಆಸರೆ.

ಮುಂದೆ ಹೋಗುವವರು ಮಾತ್ರ ಎರಡು ಸಂಗತಿಗಳನ್ನು ಅರಿತಿರಬೇಕು. ನರ್ಸು ಮೊದಲಾದವರನ್ನು ಹೊರದೇಶದಿಂದ ನೇಮಿಸಿಕೊಳ್ಳುವಾಗ ನೇಮಕದ ಶುಲ್ಕವನ್ನು ಅಭ್ಯರ್ಥಿಯಿಂದ ವಸೂಲು ಮಾಡಬಾರದೆಂದು ಬ್ರಿಟನ್ನಿನ ಆಚರಣಾ ಸಂಹಿತೆಯು ವಿಧಿಸುತ್ತದೆ. ಆದಕಾರಣ ಪ್ರಮಾಣಪತ್ರಕ್ಕೆ ಬೆಲೆ ಹೇಳುವವನು ಅಲ್ಲಿಯೇ ಸಿಕ್ಕಿಬಿದ್ದಂತೆ. ನಮ್ಮ ದೇಶದಲ್ಲಿಯೂ ೧೯೮೩ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳುಹಿಸುವವನು ನೋಂದಣಿ ಪಡೆದಿರಬೇಕು, ಅವನು ಪಡೆಯಬಹುದಾದ ಸೇವಾಶುಲ್ಕಕ್ಕೂ ಮಿತಿಯುಂಟು. ಅದು ತೆರಿಗೆಯ ಹೊರತು ೩೦,೦೦೦ ರೂಪಾಯಿ. ಹನ್ನೆರಡು ಲಕ್ಷಕ್ಕೂ ಈ ಮೊತ್ತಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ.

ಹಾವೇರಿ ಸೀಮೆಯ ಆ ಮನೆಯಲ್ಲಿ ದಲ್ಲಾಳಿಯ ಕಾಗದವು ಮರುದಿನವೇ ಹಿಂದಿರುಗಿತು. ಹೊಲ ಉಳಿಯಿತು. ಆದರೆ ಪತಿಯ ಮನಸ್ಸಿನ ಮುಳ್ಳು ಅಷ್ಟಕ್ಕೇ ಕಿತ್ತುಹೋಗಲಿಲ್ಲ. ಆ ಪದವನ್ನು ಒಪ್ಪಿಕೊಳ್ಳುವುದೆಂತು? ಇಲ್ಲಿ ಶರಣರ ದಾರಿಯು ಲೋಕದ ದಾರಿಗಿಂತ ಬೇರೆಯಾಗುತ್ತದೆ. ಶರಣಸತಿ ಲಿಂಗಪತಿ ಭಾವದಲ್ಲಿ ಲಿಂಗವೊಂದೇ ಪತಿ. ಗಡ್ಡಮೀಸೆ ಬಂದ ಗಂಡಸೂ ಅಲ್ಲಿ ಸತಿಯೇ. ಮನೆಯೊಳಗೆ ತಾನು ಪತಿಯೆಂದು ಬೀಗುವವನು ಪೂಜೆಗೆ ಕುಳಿತೊಡನೆ ಸತಿಯಾಗಬೇಕಾದುದು ಅನಿವಾರ್ಯ. ಹಾಗೆ ನಿತ್ಯವೂ ಕರಸ್ಥಲದ ಲಿಂಗಕ್ಕೆ ತನ್ನನ್ನು ಅವಲಂಬಿತನೆಂದು ಒಪ್ಪಿಸಿಕೊಳ್ಳುವವನಿಗೆ, ಸರಕಾರದ ಹಾಳೆಯೊಂದು ಅದೇ ಹೆಸರನ್ನು ಹಚ್ಚಿದಾಗ ಅವಮಾನವಾಗುವುದಾದರೆ, ಪೂಜೆಯಲ್ಲಿ ಏನೋ ಕೊರತೆಯುಂಟೆಂದೇ ಅರ್ಥ.

ಲಕ್ಕಮ್ಮ, ಮಹಾದೇವಿಯಮ್ಮನವರ ಅಂಕಿತಗಳು ಇಲ್ಲಿ ಮನನಯೋಗ್ಯವಾಗಿವೆ. ಮಾರಯ್ಯನವರ ಅಂಕಿತವು ಅಮರೇಶ್ವರಲಿಂಗವಾದರೆ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ತನ್ನ ಇಷ್ಟದೈವದ ಹೆಸರಿಗೆ ಆಕೆಯು ಪತಿಯ ಹೆಸರನ್ನು ಜೋಡಿಸಿಕೊಂಡಳು. ವೀಸಾದ ಪದ್ಧತಿಯೂ ಹೀಗೆಯೇ: ಜೊತೆಗಾರರ ಅರ್ಜಿಗೆ ಮುಖ್ಯ ಅರ್ಜಿದಾರರ ಅರ್ಜಿಯ ಸಂಖ್ಯೆಯನ್ನು ಜೋಡಿಸಬೇಕು. ಮಾರಯ್ಯನ ಹೆಸರನ್ನು ಹೊತ್ತ ಮಾತ್ರಕ್ಕೆ ಲಕ್ಕಮ್ಮನ ವಚನವು ಮಾರಯ್ಯನದಾಗಲಿಲ್ಲ. ಮಾರಯ್ಯನನ್ನು ತಿದ್ದಿದ ವಚನಕ್ಕೆ ಮಾರಯ್ಯನ ಹೆಸರಿನ ಅಂಕಿತವೇ ಬಿದ್ದಿದೆ. ಹೆಸರನ್ನು ಜೋಡಿಸಿಕೊಳ್ಳುವುದು ಪ್ರೀತಿಯ ಲಕ್ಷಣವಾಗಬಹುದು, ಅಧೀನತೆಯೇ ಆಗಬೇಕೆಂದಿಲ್ಲ. ಇಷ್ಟು ಕಾಲ ಹೆಣ್ಣುಮಕ್ಕಳು ಹೊತ್ತು ಬಂದ ಜೋಡಣೆಯನ್ನು ಗಂಡಸೊಬ್ಬನು ಐದು ವರ್ಷ ಹೊತ್ತರೆ ಅವನ ಕುಲಕ್ಕೇನೂ ಕುಂದಿಲ್ಲ.

ಅಲ್ಲದೆ ಆ ಹೆಸರು ಕೈಕಟ್ಟಿ ಕುಳ್ಳಿರಿಸುವುದೂ ಇಲ್ಲ. ಬ್ರಿಟನ್ನಿನ ನಿಯಮದಂತೆ ಜೊತೆಗಾರನು ವೃತ್ತಿಪರ ಕ್ರೀಡಾಪಟುವಿನ ಕೆಲಸವೊಂದನ್ನುಳಿದು ಸಾಮಾನ್ಯವಾಗಿ ಯಾವ ಕೆಲಸವನ್ನಾದರೂ ಮಾಡಬಹುದು, ಓದಬಹುದು. ಅದಕ್ಕೆ ಬೇರೆ ಪ್ರಾಯೋಜಕನು ಬೇಕಿಲ್ಲ. ಮುಖ್ಯ ಅರ್ಜಿದಾರರೇ ಒಬ್ಬ ಉದ್ಯೋಗದಾತನಿಗೆ ಕಟ್ಟುಬಿದ್ದಿರುತ್ತಾರೆ. ಕೆಲಸ ಬದಲಿಸಬೇಕಾದರೆ ಹೊಸ ಪ್ರಮಾಣಪತ್ರ ಪಡೆದು ಮತ್ತೆ ಅರ್ಜಿ ಹಾಕಬೇಕು. ಅವಲಂಬಿತನೆನಿಸಿಕೊಂಡವನು ಈ ಬಗೆಯಲ್ಲಿ ಹೆಚ್ಚು ಸ್ವತಂತ್ರ! ಲೋಕದ ಪದಗಳು ಎಷ್ಟರಮಟ್ಟಿಗೆ ಪೊಳ್ಳೆಂಬುದಕ್ಕೆ ಇದೂ ಒಂದು ನಿದರ್ಶನ.

ಆರು ತಿಂಗಳಿಗೆ ಮೀರಿ ಬ್ರಿಟನ್ನಿನಲ್ಲಿರಲು ನಮ್ಮ ದೇಶದಿಂದ ಹೋಗುವವರು ಕ್ಷಯರೋಗದ ತಪಾಸಣೆಯನ್ನು ಮಾಡಿಸಬೇಕು. ಇದಕ್ಕಾಗಿ ದಂಪತಿಗಳು ಬೆಂಗಳೂರಿನ ಒಂದು ಅನುಮೋದಿತ ಚಿಕಿತ್ಸಾಲಯಕ್ಕೆ ಹೋದರು. ಎದೆಯ ಕ್ಷಕಿರಣ ಚಿತ್ರವನ್ನು ತೆಗೆಯುವಾಗ ಎದೆಯ ಮೇಲೆ ಲೋಹವಿರಕೂಡದು. ಪತಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ. ತೆಗೆದು ತಟ್ಟೆಯಲ್ಲಿಡಿರೆಂದು ಅಲ್ಲಿಯವರು ಹೇಳಿದಾಗ ಆತನು ಗಾಬರಿಗೊಂಡನು. ಲಿಂಗವು ಅಂಗವನ್ನು ಅಗಲಬಾರದೆಂಬುದು ದೀಕ್ಷೆಯ ದಿನದಿಂದ ಕೇಳಿಬಂದ ಮಾತು. ಇಂಥ ಸಂದರ್ಭದಲ್ಲಿ ಗೊಂದಲಕ್ಕೆ ಕಾರಣವೇ ಇಲ್ಲ. ಲಿಂಗಧಾರಣೆಗೆ ಎದೆಯೊಂದೇ ಸ್ಥಾನವಲ್ಲ. ಉತ್ತಮಾಂಗ, ಕಂಠ, ಕಕ್ಷ, ಕರಸ್ಥಲ ಇವೂ ಹಿರಿಯರು ಹೇಳಿದ ಸ್ಥಾನಗಳೇ. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದೋ ಮುಂಗೈಗೆ ಕಟ್ಟಿಕೊಂಡೋ ನಿಂತರೆ ವೈದ್ಯರ ಚಿತ್ರಕ್ಕೂ ಅಡ್ಡಿಯಿಲ್ಲ, ಆಚಾರಕ್ಕೂ ಲೋಪವಿಲ್ಲ. ಸತಿಯು ಹಾಗೆಯೇ ಸೂಚಿಸಿದಳು, ಅಲ್ಲಿಯವರೂ ಒಪ್ಪಿದರು. ವಿಮಾನನಿಲ್ದಾಣದ ತಪಾಸಣೆಯಲ್ಲಿಯೂ ಸಂಕೋಚಪಡದೆ ಇದು ಇಂಥದೆಂದು ತಿಳಿಸುವುದೇ ಮೇಲು. ಗುಡಿಯನ್ನು ಹೊತ್ತುಕೊಂಡು ಹೋಗಲಾರದವರು ದೇಶಾಂತರದಲ್ಲಿ ದೇವರಿಗಾಗಿ ಪರದಾಡಬೇಕಾದೀತು; ದೇಹವನ್ನೇ ದೇಗುಲ ಮಾಡಿಕೊಂಡವರಿಗೆ ಪರಸ್ಥಳವೆಂಬುದು ಎಲ್ಲಿಯದು?

ಎರಡನೆಯ ಅಳುಕು ಇಷ್ಟು ಸರಾಗವಾಗಿ ಬಿಡಿಸುವಂಥದಲ್ಲ. ಈ ವೀಸಾದಲ್ಲಿ ಜೊತೆಗೆ ಹೋಗಬಹುದಾದವರು ಸತಿ ಅಥವಾ ಪತಿ ಮತ್ತು ಮಕ್ಕಳು ಮಾತ್ರ. ತಂದೆತಾಯಿಗಳಿಗೆ ಅದರಲ್ಲಿ ಸ್ಥಳವಿಲ್ಲ. ಅವಲಂಬಿತರೆಂಬ ಪಟ್ಟಿಯಲ್ಲಿ ದುಡಿಯಬಲ್ಲ ತರುಣನಿಗೆ ಎಡೆಯುಂಟು, ಕೋಲು ಹಿಡಿದು ನಡೆಯುವ ತಾಯಿಗೆ ಎಡೆಯಿಲ್ಲ. ಕಾಯಕಕ್ಕಾಗಿ ಹೋಗಬೇಕೆಂಬುದು ಧರ್ಮ. ಹೆತ್ತವರನ್ನು ಕಾಯಬೇಕೆಂಬುದೂ ಧರ್ಮ. ಪ್ರತಿ ತಿಂಗಳು ಹಣ ಕಳುಹಿದರೆ ಸಾಕೆನ್ನುವವರು ದಾಸೋಹದ ಅರ್ಥವನ್ನು ಅರ್ಧವೇ ತಿಳಿದವರು. ದಾಸೋಹದಲ್ಲಿ ಬಡಿಸುವ ಕೈಯೂ ಇರಬೇಕು. ಹಾಗೆಂದು ಮಕ್ಕಳನ್ನು ಕಟ್ಟಿಹಾಕುವುದೂ ಹಿರಿತನವಲ್ಲ. ಇದನ್ನು ಪ್ರತಿಯೊಂದು ಮನೆಯೂ ಹೊರಡುವುದಕ್ಕೆ ಮುನ್ನ ತಾಯಿಯನ್ನು ನಡುವೆ ಕುಳ್ಳಿರಿಸಿಕೊಂಡು ಮಾತಾಡಬೇಕು. ಟಿಕೆಟ್ಟು ಕೊಂಡ ಮೇಲೆ ಹೋಗಿ ಕಾಲಿಗೆ ಬೀಳುವುದು ಕೇಳಿದಂತಲ್ಲ. ಆ ಮನೆಯಲ್ಲಿ ತಾಯಿಯನ್ನು ಮೊದಲೇ ಕೇಳಿದರು. ಆಕೆ ಒಂದು ವಾರ ಏನೂ ಹೇಳಲಿಲ್ಲ. ಬಳಿಕ, ಹಿರಿಯ ಸೊಸೆಯ ಮೇಲೆ ಭಾರ ಹೆಚ್ಚುವುದರಿಂದ ಹೊಲದ ಆ ವರ್ಷದ ಲಾವಣಿಯನ್ನು ಅವಳ ಕೈಗೇ ಕೊಡಬೇಕೆಂದಳು. ತನಗಾಗಿ ಏನನ್ನೂ ಕೇಳಲಿಲ್ಲ.

ದಂಪತಿಗಳು ೨೦೨೪ರ ಆರಂಭದಲ್ಲಿ ಹೊರಟುಹೋದರು. ಸತಿಯು ಅಲ್ಲಿ ಮತ್ತೊಂದು ಪರೀಕ್ಷೆಯನ್ನು ಕೊಟ್ಟು ನರ್ಸಾಗಿ ನೋಂದಣಿ ಪಡೆದಳು. ಪತಿಗೆ ಬಸ್ಸುಗಳನ್ನು ದುರಸ್ತಿ ಮಾಡುವ ಶೆಡ್ಡಿನಲ್ಲಿ ಕೆಲಸ ದೊರೆಯಿತು; ಟ್ರ್ಯಾಕ್ಟರಿನ ಕೈ ಅಲ್ಲಿಯೂ ಸುಮ್ಮನಿರಲಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಒಂದು ರಜೆಯ ದಿನ ಅಲ್ಲಿಗೆ ಹೋಗಿ, ಅದರ ಚಿತ್ರವನ್ನು ತಾಯಿಗೆ ಕಳುಹಿದರು. ಆಕೆಗೆ ಅದು ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ. ಮಗ ಸೊರಗಿದ್ದಾನೆಂಬುದನ್ನೇ ಅದರಲ್ಲಿ ಕಂಡಳು.

ಸತಿಗೆ ತಿಂಗಳಲ್ಲಿ ಅನೇಕ ರಾತ್ರಿಪಾಳಿಗಳು. ಆಕೆ ಮುಂಜಾನೆ ಎಂಟೂವರೆಗೆ ಮನೆ ಸೇರುವಾಗ ಪತಿಯು ತನ್ನ ಪೂಜೆಯನ್ನು ಮುಗಿಸಿ, ಅಡಿಗೆಯನ್ನು ಲಿಂಗಕ್ಕೆ ಅರ್ಪಿಸಿ, ಪ್ರಸಾದದ ತಟ್ಟೆಯನ್ನು ಮುಚ್ಚಿಟ್ಟು ಕೆಲಸಕ್ಕೆ ಹೋಗಿರುತ್ತಾನೆ. ವಿಭೂತಿಯ ಗಟ್ಟಿಯು ತಟ್ಟೆಯ ಪಕ್ಕದಲ್ಲಿರುತ್ತದೆ. ಪ್ರತಿ ಸೋಮವಾರ ತಾಯಿಯು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, ಇಬ್ಬರೂ ಕೂಡಿ ಪೂಜೆಗೆ ಕುಳಿತಿರೋ ಇಲ್ಲವೋ ಎಂಬುದು. ‘ಈ ವಾರ ಒಂದೇ ದಿನ ಅವ್ವಾ’ ಎನ್ನುತ್ತಾನೆ ಮಗ. ‘ಹೋದ ವಾರ?’ ಎಂದು ಆಕೆ ಕೇಳುತ್ತಾಳೆ.